ಕೊನೇ ಬಸ್ಸಿಗೆ ಮುಂಚೆ

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಬುದ್ಧನ ಮಾತು ಇಟ್ಟುಕೊಂಡು ಊರಲ್ಲಿ ಅದೇನೋ ಕೃತಜ್ಞತೆ ಬೆಳೆಸುತ್ತಿದ್ದೀರಂತಲ್ಲ, ಹೇಗೆ ಅಂತ ಕೆಲವರು ಕೇಳುತ್ತಿರುತ್ತಾರೆ. ಭಾಷಣ ಅಂತೂ ಮಾಡಿಲ್ಲ. ನಮ್ಮ ಅಂಗಳದಲ್ಲೇ ಶುರು ಮಾಡಿದ್ದು.

ಹಿಡಿದುಕೊಂಡದ್ದು ದೀಘ ನಿಕಾಯ ಅನ್ನೋ ಪಾಲಿ ಬೌದ್ಧ ಗ್ರಂಥದ 31ನೇ ಸುತ್ತ, ಅಂದರೆ ಉಪದೇಶ, ಹೆಸರು ಸಿಗಾಲೋವಾದ. ಸಿಗಾಲ ಅನ್ನೋ ಹುಡುಗ ರಾಜಗೃಹ ಅನ್ನೋ ಊರಲ್ಲಿ ಬೆಳಿಗ್ಗೆ ಎದ್ದು, ತಲೆ ಬಟ್ಟೆ ಎರಡೂ ಒದ್ದೆ ಇರುವಾಗಲೇ ಆರು ದಿಕ್ಕಿಗೆ ಕೈಮುಗಿಯುತ್ತಿರುತ್ತಾನೆ. ಯಾಕಪ್ಪಾ ಅಂತ ಬುದ್ಧ ಕೇಳಿದರೆ, ಅಪ್ಪ ಸಾಯುವಾಗ ಹೇಳಿದ್ದು ಅನ್ನುತ್ತಾನೆ. ಬುದ್ಧ ಅವನನ್ನು ಗದರಲ್ಲ. ದಿಕ್ಕು ಅಂದರೆ ಮನುಷ್ಯರು ಕಣಯ್ಯಾ ಅಂತ ತಿಳಿಸಿ ಹೇಳುತ್ತಾನೆ. ಪೂರ್ವಕ್ಕೆ ಅಪ್ಪ-ಅಮ್ಮ, ದಕ್ಷಿಣಕ್ಕೆ ಗುರುಗಳು, ಪಶ್ಚಿಮಕ್ಕೆ ಹೆಂಡತಿ-ಮಕ್ಕಳು, ಉತ್ತರಕ್ಕೆ ಸ್ನೇಹಿತರು, ಕೆಳಗೆ ಕೆಲಸದವರು, ಮೇಲೆ ಸನ್ಯಾಸಿಗಳು.

ನನ್ನ ಕಣ್ಣು ನಿಂತದ್ದು ಆ ಕೆಳಗಿನ ದಿಕ್ಕಿನಲ್ಲಿ. ಯಜಮಾನ ಐದು ಕೆಲಸ ಮಾಡಬೇಕಂತೆ: ಶಕ್ತಿ ನೋಡಿ ಕೆಲಸ ಹೇಳಬೇಕು, ಊಟ-ಸಂಬಳ ಕೊಡಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು, ರುಚಿಯಾದದ್ದು ಏನಾದರೂ ಇದ್ದರೆ ಹಂಚಬೇಕು, ಹೊತ್ತಿಗೆ ಸರಿಯಾಗಿ ಬಿಡಬೇಕು. ಕೆಲಸದವರಿಗೂ ಐದು ಹೇಳಿದ್ದಾನೆ, ಯಜಮಾನನಿಗಿಂತ ಮುಂಚೆ ಏಳಬೇಕು, ಅವನ ಬಗ್ಗೆ ಒಳ್ಳೆ ಮಾತಾಡಬೇಕು, ಹೀಗೆ. ಓದಿ ಹೇಳಿದರೆ ನಮ್ಮ ಕಡೆಯ ತೋಟದ ಯಜಮಾನರಿಗೆ ಆ ಎರಡನೇ ಐದು ಮಾತ್ರ ಪಕ್ಕನೆ ಬಾಯಿಪಾಠ ಆಗುತ್ತೆ ನೋಡಿ!

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮಲ್ಲಿ ಹೆಂಗಸರು ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯುವ ಕತ್ತಿ, ಅದರ ಮುಂದೆ ಸಾಲಾಗಿ ಕೂರುತ್ತಾರೆ. ಬೆರಳೆಲ್ಲ ಅಡಿಕೆಯ ಚೊಗರು ಹಿಡಿದು ಕಪ್ಪಾಗಿರುತ್ತೆ. ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡೋ ಹಾಗಿಲ್ಲ, ಸುಲಿದು ಬೇಯಿಸಬೇಕು, ಹಾಗಾಗಿ ರಾತ್ರಿ ಎಷ್ಟೊತ್ತಾದರೂ ಕೂರಿಸಿಕೊಳ್ಳುವುದು ವಾಡಿಕೆ. ಕೊನೇ ಬಸ್ಸು ಹೋಗಿರುತ್ತೆ, ಆಮೇಲೆ ಟಾರ್ಚ್ ಹಿಡಿದು ನಡೆದುಕೊಂಡೇ ಮನೆಗೆ. ಕೊನೇ ಬಸ್ಸಿಗೆ ಮುಂಚೆ ಕಳಿಸೋಣ ಅಂದುಕೊಂಡು ಮೊದಲು ಅವರನ್ನೇ ಕೇಳಿದೆ. ಅವರಲ್ಲಿ ಹಿರಿಯಕ್ಕ ಒಬ್ಬರು ಕತ್ತಿಯಿಂದ ಕಣ್ಣು ತೆಗೆಯದೆ, "ಅಮ್ಮಾ, ಬೇಗ ಬಿಡ್ತೀನಿ ಅಂತೀರಿ, ಡಬ್ಬ ಕಮ್ಮಿ ಆದ್ರೆ ದುಡ್ಡೂ ಕಮ್ಮಿ ಅಲ್ವಾ?" ಅಂದರು. ಸುಲಿಯೋದು ಡಬ್ಬದ ಲೆಕ್ಕ, ಎಷ್ಟು ಡಬ್ಬ ಸುಲಿದರೋ ಅಷ್ಟಕ್ಕೆ ದುಡ್ಡು. ಹೊತ್ತಿಗೆ ಬಿಡೋದು, ಸಂಬಳ ಕೊಡೋದು ಎರಡನ್ನೂ ಬುದ್ಧ ಒಟ್ಟಿಗೆ ಯಾಕೆ ಹೇಳಿದ ಅನ್ನೋದು ನನಗೆ ಪುಸ್ತಕಕ್ಕಿಂತ ಅಲ್ಲೇ ಚೆನ್ನಾಗಿ ಅರ್ಥವಾಯಿತು.

ಅಡಿಕೆ ಗೊನೆ ಕೊಯ್ಯುವವರಿಗೆ ದಿನಕ್ಕೆ ಸ್ವಲ್ಪ ಕಮ್ಮಿ ಇಳಿಸಿ ಅಂತ ಹೇಳಿದೆವು. ಸುಲಿತ ಬೆಳಿಗ್ಗೆ ಬೇಗ ಶುರು ಮಾಡಿದೆವು. ಕೈಗೆ ಬರುವ ದುಡ್ಡು ಇಳಿಯದ ಹಾಗೆ ಡಬ್ಬದ ದರ ಏರಿಸಿದೆವು. ಕೊಯ್ಲು ಎಳೆಯಿತು, ನಮ್ಮ ಮನೆಯವರು ಮುಖ ಗಂಟು ಹಾಕಿಕೊಂಡು ಓಡಾಡಿದರು, ಇರಲಿ. ಹಬ್ಬದ ಹೋಳಿಗೆಯನ್ನು ಮಾರನೇ ದಿನ ಉಳಿದದ್ದು ಅಂತ ಕೊಡುವುದು ನಿಂತಿತು, ಈಗ ಮಾಡಿದ ದಿನವೇ ಬಿಸಿಬಿಸಿ.

ಹುಣ್ಣಿಮೆಗೊಮ್ಮೆ ಸುತ್ತಮುತ್ತಲ ಮನೆಯವರು ಸೇರುತ್ತೇವೆ. ಅಲ್ಲಿ ಮಕ್ಕಳಿಗೆ ಇಷ್ಟ ಆದದ್ದು ರಾಧನ ಕಥೆ. ವಯಸ್ಸಾದ ಬಡ ಬ್ರಾಹ್ಮಣ ಅವನು, ಭಿಕ್ಷುಗಳಿರುವ ವಿಹಾರದಲ್ಲಿ ಚಾಕರಿ ಮಾಡಿಕೊಂಡಿದ್ದ, ಭಿಕ್ಷು ಮಾಡಿಕೊಳ್ಳೋಕೆ ಯಾರೂ ಮುಂದೆ ಬರಲಿಲ್ಲ. ಇವನಿಂದ ಉಪಕಾರ ಆದದ್ದು ಯಾರಿಗಾದರೂ ನೆನಪಿದೆಯಾ ಅಂತ ಬುದ್ಧ ಕೇಳಿದಾಗ ಅವನ ಹಿರಿಯ ಶಿಷ್ಯ ಸಾರಿಪುತ್ತ, ಹಿಂದೆ ಒಮ್ಮೆ ನನ್ನ ಪಾತ್ರೆಗೆ ಒಂದು ಸೌಟು ಅನ್ನ ಹಾಕಿಸಿದ್ದ ಅಂದ. ಅಷ್ಟಕ್ಕೇ ಅವನನ್ನು ಶಿಷ್ಯ ಮಾಡಿಕೊಂಡ. ನಮ್ಮ ಕೂಟದ ನಿಯಮವೂ ಹಾಗೇ, ಸೌಟಿನಷ್ಟು ಸಣ್ಣ ಉಪಕಾರವೇ ಆಗಲಿ, ಯಾರು ಏನು ಮಾಡಿದರು ಅಂತ ಹೆಸರು ಹಿಡಿದು ಹೇಳಬೇಕು, "ಎಲ್ಲರಿಗೂ ಧನ್ಯವಾದ" ನಡೆಯಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಪಾಚಿ ಕಟ್ಟಿದ ಮರ ಹತ್ತಿದವನ ಹೆಸರು ಒಬ್ಬ ಹುಡುಗ ಹೇಳಿದ. ಆ ಹುಡುಗನ ಅಪ್ಪನಿಗೆ ಆ ಹೆಸರೇ ಗೊತ್ತಿರಲಿಲ್ಲ.

ನಮ್ಮಲ್ಲಿ ಮುಯ್ಯಾಳು ಇದೆಯಲ್ಲ, ಅದೇ ಸಾಕು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ ಅನ್ನೋದು ಒಳ್ಳೆಯದೇ, ಆದರೆ ಗದ್ದೆಯೇ ಇಲ್ಲದವರು ಆ ಲೆಕ್ಕಕ್ಕೆ ಬರೋದೇ ಇಲ್ಲ. ಇನ್ನು ಕೆಲವರು ಬುದ್ಧ ನಮ್ಮ ಕಡೆಯವನಲ್ಲ ಅಂತಾರೆ. ಅಂಥವರಿಗೆ ಬಳ್ಳಿಗಾವಿ ನೋಡಿಕೊಂಡು ಬನ್ನಿ ಅಂತೀನಿ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು, 11ನೇ ಶತಮಾನದಲ್ಲೇ ಅಲ್ಲಿ ಬೌದ್ಧ ವಿಹಾರ ಇತ್ತು.

ಯಜಮಾನನ ಆ ಐದು ಕೆಲಸದಲ್ಲಿ ನಮಗೆ ಕಷ್ಟ ಆಗುತ್ತಿರುವುದು ಕಾಯಿಲೆಯದ್ದು. ಆಸ್ಪತ್ರೆ ಖರ್ಚಿಗೆ ಮನೆಮನೆಯಿಂದ ಸ್ವಲ್ಪ ಸ್ವಲ್ಪ ಹಾಕಿ ಇಡೋಣ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ದುಡ್ಡು ಮಾತ್ರ ಹೊರಡಲ್ಲ. ಈ ಸಲದ ಸುಗ್ಗಿಗೆ ಪಕ್ಕದ ತೋಟದವರೂ ಬೆಳಿಗ್ಗೆ ಬೇಗ ಶುರು ಮಾಡುತ್ತಾರಂತೆ. ದರದ ಮಾತು ಇನ್ನೂ ಎತ್ತಿಲ್ಲ.