ಊರಂಚಿನಲ್ಲಿ ಕಸದ ಘಟಕ ಬರುವುದಾದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಕಸ ವಿಲೇವಾರಿ ಘಟಕದ ಸುದ್ದಿ ಹೆಚ್ಚಾಗಿ ತಿಳಿಯುವುದು ಗೋಮಾಳದಲ್ಲಿ ಅಳತೆ ಶುರುವಾದಾಗ. ಕೆಲಸ ಅಂದೇ ಆರಂಭಿಸಿ. ರಸ್ತೆ ತಡೆ ನಡೆಸಿದರೆ ಅಳತೆ ಒಂದು ದಿನ ನಿಲ್ಲಬಹುದು. ಸರ್ವೆ ನಂಬರು, ಅಂತರ, ಹಳ್ಳದ ಹೆಸರು ಬರೆದ ಅರ್ಜಿಯಾದರೆ ಕಡತದಲ್ಲಿ ಉಳಿಯುತ್ತದೆ, ಮುಂದೆ ನ್ಯಾಯಾಲಯದಲ್ಲೂ ಮಾತನಾಡುತ್ತದೆ.

ಮೊದಲು ಜಾಗ

ಸ್ಥಳದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ಸಿಗುತ್ತದೆ. ಪಹಣಿ ಮತ್ತು ಗ್ರಾಮ ನಕ್ಷೆ ತೆಗೆಸಿ. ಅದು ಗೋಮಾಳವೋ, ಅರಣ್ಯವೋ, ಡೀಮ್ಡ್ ಅರಣ್ಯವೋ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ನೋಡಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಅಥವಾ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ಎಷ್ಟು ದೂರವಿದೆ ಎಂದು ಅರಣ್ಯ ಇಲಾಖೆಯನ್ನು ಲಿಖಿತವಾಗಿ ಕೇಳಿ. ಹಲವು ಊರುಗಳ ಕಸ ತರುವ ಸಾಮೂಹಿಕ ಘಟಕಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪೂರ್ವಾನುಮತಿ ಬೇಕು. ಸಂರಕ್ಷಿತ ಪ್ರದೇಶದಿಂದ 5 ಕಿಲೋಮೀಟರ್ ಒಳಗಿದ್ದರೆ ಅದರ ಪರಿಶೀಲನೆ ರಾಜ್ಯದಲ್ಲಿ ಮುಗಿಯುವುದಿಲ್ಲ, ಕೇಂದ್ರಕ್ಕೆ ಹೋಗುತ್ತದೆ.

ನೀರಿನ ದಾಖಲೆ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹಸಿ ಕಸ ಕೊಳೆತಾಗ ಒಸರುವ ಕಪ್ಪು ರಸ ಬಯಲುಸೀಮೆಯಲ್ಲಿ ಅಲ್ಲಿಯೇ ಒಣಗಬಹುದು. ಇಲ್ಲಿ ಆಷಾಢದ ಮಳೆಗೆ ಗುಡ್ಡದ ಬುಡದಲ್ಲೆಲ್ಲ ಜಲ ಏಳುತ್ತದೆ. ಮೇಲೆ ಸುರಿದದ್ದು ಕೆಳಗಿನ ಗದ್ದೆಗೆ, ತೋಟಕ್ಕೆ, ಬಾವಿಗೆ ಇಳಿಯದೆ ಇರುವುದಿಲ್ಲ. ಅಧಿಕಾರಿಗಳು ಜಾಗ ನೋಡಲು ಬೇಸಿಗೆಯಲ್ಲಿ ಬಂದರೆ ಹಳ್ಳ ಕಾಣುವುದೇ ಇಲ್ಲ. ಆದ್ದರಿಂದ ಒಂದೇ ಜಾಗದ ಫೋಟೊವನ್ನು ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ದಿನಾಂಕ ಬರುವಂತೆ ತೆಗೆದಿಡಿ. ನೀರು ಯಾವ ಹೊಳೆ ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿ. ಯಗಚಿಯ ಕಡೆಗಾದರೆ ಒಂದು ಮಾತು ಸೇರಿಸಿ: ಬೇಲೂರಿನ ಯಗಚಿ ಜಲಾಶಯದ ನೀರೇ ಚಿಕ್ಕಮಗಳೂರು ನಗರದ ನಲ್ಲಿಗೆ ಬರುತ್ತದೆ. ನಗರದ ಕಸದ ರಸ ನಗರದವರ ಲೋಟಕ್ಕೇ ಮರಳಬಹುದು ಎಂದಾಗ ಪೇಟೆಯ ಜನರೂ ನಿಮ್ಮ ಜೊತೆ ನಿಲ್ಲುತ್ತಾರೆ.

ಭೂಭರ್ತಿ ಜಾಗ, ಅಂದರೆ ಕಸ ಹೂಳುವ ಜಾಗ, ನದಿಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಮನೆಗಳು ಮತ್ತು ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಟೇಪು ಹಿಡಿದು ನೀವೇ ಅಳೆಯಿರಿ. ಕಸಕ್ಕೆ ನಾಯಿ, ಕಾಡುಹಂದಿ ಸೇರುತ್ತವೆ, ನಾಯಿಯ ಬೆನ್ನಿಗೆ ಚಿರತೆ ಮನೆಯಂಗಳಕ್ಕೆ ಬರುತ್ತದೆ, ಅದನ್ನೂ ಬರೆಯಿರಿ.

ಕಾಗದಪತ್ರ

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ಏಕೆ’ ಎಂದು ಕೇಳಬೇಡಿ. ಸ್ಥಳ ಆಯ್ಕೆ ವರದಿಯ, ನಡಾವಳಿಯ ದೃಢೀಕೃತ ಪ್ರತಿ ಕೇಳಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಎಲ್ಲ ಮನವಿಗೂ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ.

ಸಾರ್ವಜನಿಕ ಆಲಿಕೆ

ಪರಿಸರ ಪೂರ್ವಾನುಮತಿಗೆ ಮುನ್ನ ಊರಿನವರ ಅಹವಾಲು ಕೇಳುವ ಸಭೆಯೇ ಆಲಿಕೆ. ಅದಕ್ಕೆ ಕನಿಷ್ಠ 30 ದಿನ ಮೊದಲೇ ಪತ್ರಿಕಾ ಪ್ರಕಟಣೆ ಕೊಡಬೇಕು. ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು. ಅದರಲ್ಲಿ ನಿಮ್ಮ ಹಳ್ಳ, ಬಾವಿ, ಶಾಲೆ ಇವೆಯೇ ಹುಡುಕಿ. ಬಿಟ್ಟುಹೋದದ್ದೇ ನಿಮ್ಮ ಬಲ. ಒಬ್ಬರು ಒಂದೇ ವಿಷಯ ಮಾತನಾಡಲಿ. ಬಾವಿಯ ನೀರು ಸೇದುವ ಹೆಣ್ಣುಮಕ್ಕಳು, ತೋಟದ ಲೈನ್ ಮನೆಗಳ ಕಾರ್ಮಿಕರು ಮೊದಲು ಮಾತನಾಡಲಿ. ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳುವುದು ಕಡ್ಡಾಯ. ಕೂಗಿ ಎದ್ದುಹೋದರೆ ಆ ಹಕ್ಕು ಕೈತಪ್ಪುತ್ತದೆ. ಓದಿ ಮುಗಿಯುವವರೆಗೆ ಕೂತಿರಿ, ಬಿಟ್ಟದ್ದನ್ನು ಸೇರಿಸಲು ಹೇಳಿ.

‘ಇಲ್ಲಿ ಬೇಡ’ ಎಂದಷ್ಟೇ ಹೇಳಿದರೆ ಕಸ ಇನ್ನೊಂದು ಬಡ ಊರಿಗೆ ಹೋಗುತ್ತದೆ, ಅದು ನ್ಯಾಯವಲ್ಲ. ಹಸಿ ಕಸ ವಾರ್ಡಿನಲ್ಲೇ ಗೊಬ್ಬರವಾಗಲಿ, ಒಣ ಕಸ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಬೇರ್ಪಡಲಿ ಎಂದು ಆಕ್ಷೇಪಣೆಯಲ್ಲೇ ಬರೆಯಿರಿ.

ಇಷ್ಟಾದರೂ ಪರಿಸರ ಅನುಮತಿ ಸಿಕ್ಕರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅವಧಿ 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಅವಕಾಶ. ಆಮೇಲೆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಪರಿಸರ ಅನುಮತಿಯ ವಿವರ ಸಿಗುವ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಊರಿನ ಒಬ್ಬರಿಗೆ ಈಗಲೇ ವಹಿಸಿ.