ಸ್ಕೂಲಲ್ಲಿ ಮಗುಗೆ ಹುಷಾರಿಲ್ಲ ಅಂದ್ರೆ: ನಮ್ಮ ಶಾಲೇಲಿ ನಾವು ಮಾಡ್ಕೊಂಡಿರೋ ವ್ಯವಸ್ಥೆ

ಬಂಗಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಟೀಚರ್ ನಾನು, ಮಕ್ಕಳ ಆರೋಗ್ಯದ ರಿಜಿಸ್ಟರ್ ನನ್ನ ಕೈಲೇ ಇರೋದು. ಬೇರೆ ಶಾಲೆ ಟೀಚರ್‌ಗಳು ಸಿಕ್ಕಾಗೆಲ್ಲ ಕೇಳೋದು ಒಂದೇ, ಜ್ವರ ಬಂದ್ರೆ ನಾವೇ ಒಂದು ಮಾತ್ರೆ ಕೊಡಬಹುದಾ ಅಂತ. ಕೊಡಬಾರದು, ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಇರೋದು ಅದಕ್ಕೂ ಮುಂದೆ: ಮಾತ್ರೆ ಕೊಡಲ್ಲ ಅಂದಮೇಲೆ ಆ ಮಗುನ ಯಾರ ಕೈಗೆ ಒಪ್ಪಿಸ್ತೀರಿ?

ನಮ್ಮ ಕಡೆ ಎಷ್ಟೋ ಜನ ಅಪ್ಪಂದಿರು ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಬರೋ ಟ್ರೈನ್ ಹತ್ತಿ ಬೆಂಗಳೂರಿಗೆ ಹೋದ್ರೆ ಕತ್ತಲಾದಮೇಲೇ ಮನೆಗೆ ಬರೋದು, ಅಮ್ಮಂದಿರಿಗೆ ನರಸಾಪುರದ ಕಂಪನಿಲಿ ಶಿಫ್ಟು, ಇಲ್ಲಾಂದ್ರೆ ಟೊಮೆಟೊ ಕೀಳೋ ಕೂಲಿ. ಅಂಥ ಮನೇಲಿ ಮಗುಗೆ ರಾತ್ರಿ ಜ್ವರ ಬಂದ್ರೆ ಬೆಳಗ್ಗೆ ಒಂದು ಪ್ಯಾರಾಸಿಟಮಾಲ್ ಕುಡಿಸಿ ಸ್ಕೂಲಿಗೆ ಬಿಟ್ಟು ಹೋಗ್ತಾರೆ. ಅದು ನಾಲ್ಕೈದು ಗಂಟೆ ತಡೆಯುತ್ತೆ, ಬಿಸಿಯೂಟದ ಹೊತ್ತಿಗೆ ಮತ್ತೆ ಮೈ ಸುಡ್ತಾ ಇರುತ್ತೆ. "ಮನೇಲಿ ಯಾರೂ ಇಲ್ಲ ಮಿಸ್, ಒಂದಿನ ರಜ ಹಾಕಿದ್ರೆ ಕೂಲಿ ಹೋಗುತ್ತೆ, ಎಲ್ಲಿ ಬಿಡ್ಲಿ ಹೇಳಿ" ಅಂತ ಒಬ್ಬ ತಾಯಿ ಕೇಳಿದ್ರು. ಅವರ ಮೇಲೆ ರೇಗಿ ಏನ್ ಪ್ರಯೋಜನ?

ಅದಕ್ಕೇ ನಾವು ಶುರು ಮಾಡಿದ್ದು ಜೂನ್‌ನಲ್ಲಿ ಪ್ರತಿ ಮಗುಗೂ ಒಂದು ಹಾಳೆ. ತೂಕ, ಆಸ್ತಮಾ, ಫಿಟ್ಸ್, ಶುಗರ್, ಹಾರ್ಟ್ ತೊಂದರೆ ಏನಾದ್ರೂ ಇದ್ಯಾ, ಯಾವ ಔಷಧಿ ಆಗಲ್ಲ, ದಿನಾ ಏನು ತಗೊಳ್ಳುತ್ತೆ, ಅಪ್ಪ ಅಮ್ಮನ ನಂಬರ್, ಆಮೇಲೆ ಮೂರನೇದು, ಇದೇ ಮುಖ್ಯ, ಹಗಲೊತ್ತು ಊರಲ್ಲೇ ಇರೋ ಒಬ್ಬರ ಹೆಸರು. ಅಜ್ಜಿನೋ, ದೊಡ್ಡಮ್ಮನೋ, ಪಕ್ಕದ ಮನೆಯವರೋ, ಅಂಗಡಿಯವರೋ ಯಾರಾದ್ರೂ ಸರಿ, ಅವರು ಬಂದು ಕರ್ಕೊಂಡು ಹೋಗ್ತೀನಿ ಅಂತ ಒಪ್ಪಿರಬೇಕು. ಫಾರಂ ಮನೆಗೆ ಕಳಿಸಿದ್ರೆ ಖಾಲಿ ವಾಪಸ್ ಬರುತ್ತೆ, ಇಲ್ಲಿ ಮನೆಮಾತು ತೆಲುಗು ಇರೋರು ತುಂಬಾ, ಓದೋಕೆ ಬರದವರೂ ಇದ್ದಾರೆ. ಪೋಷಕರ ಸಭೆ ದಿನ ನಾವೇ ಎದುರು ಕೂತು ಕೇಳಿ ಬರ್ಕೊಳ್ತೀವಿ, ಬರದೇ ಇರೋರ ಮನೆಗೆ ಆಶಾ ಅಕ್ಕ ಹೋಗ್ತಾರೆ. "ಏನೂ ಇಲ್ಲ" ಅಂತಲೇ ಶುರು ಮಾಡ್ತಾರೆ ಎಲ್ಲರೂ, ಸ್ವಲ್ಪ ಹೊತ್ತು ಮಾತಾಡಿದಮೇಲೆ "ಚಿಕ್ಕವಳಿದ್ದಾಗ ಎರಡು ಸಲ ಫಿಟ್ಸ್ ಬಂದಿತ್ತು ಮಿಸ್, ಹೇಳಿದ್ರೆ ಎಲ್ಲಿ ಸ್ಕೂಲಿಗೆ ಸೇರಿಸ್ಕೊಳಲ್ವೋ ಅಂತ" ಅಂತ ಹೊರಗೆ ಬರುತ್ತೆ. ಆ ಭಯ ಮೊದಲು ಹೋಗಿಸಬೇಕು.

ಮಾತ್ರೆ ವಿಷಯಕ್ಕೆ ಬರ್ತೀನಿ. ನಾವಾಗಿ ಜ್ವರದ ಮಾತ್ರೆನೂ ಕೊಡಲ್ಲ, ಯಾಕಂದ್ರೆ ಬೆಳಗ್ಗೆ ಮನೇಲಿ ಎಷ್ಟು ಗಂಟೆಗೆ ಎಷ್ಟು ಕೊಟ್ಟಿದ್ದಾರೆ ಗೊತ್ತಿರಲ್ಲ, ಮಕ್ಕಳಿಗೆ ಡೋಸ್ ಹೋಗೋದು ತೂಕದ ಮೇಲೆ, ಒಂದೇ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಎಂಜಿ ಇರೋದೂ ಬರುತ್ತೆ 250 ಇರೋದೂ ಬರುತ್ತೆ, "ಒಂದು ಸ್ಪೂನ್" ಅನ್ನೋದಕ್ಕೆ ಅರ್ಥವೇ ಇಲ್ಲ. ಡಾಕ್ಟರ್ ಬರ್ದುಕೊಟ್ಟಿದ್ದನ್ನ ಸ್ಕೂಲ್ ಟೈಮಲ್ಲಿ ಕೊಡಲೇಬೇಕು ಅಂದ್ರೆ ಚೀಟಿಯ ಜೆರಾಕ್ಸ್, ಮನೆಯವರ ಸಹಿ ಅಥವಾ ಹೆಬ್ಬೆಟ್ಟು, ಹೆಸರು ಬರೆದ ಪೂರ್ತಿ ಸ್ಟ್ರಿಪ್ ಇಲ್ಲಾ ಬಾಟಲಿ ಬೇಕು. ಪೇಪರಲ್ಲಿ ಮಡಚಿದ ಅರ್ಧ ಮಾತ್ರೆ ವಾಪಸ್. ಕೊಟ್ಟ ಟೈಮು, ಪ್ರಮಾಣ, ಕೊಟ್ಟವರ ಸಹಿ ರಿಜಿಸ್ಟರ್‌ಗೆ ಹೋಗಬೇಕು. ಇದರ ಜೊತೆ ಪೋಷಕರಿಗೆ ಇನ್ನೊಂದು ಹೇಳ್ಕೊಡ್ತೀವಿ, ಡಾಕ್ಟರ್ ಹತ್ರ ಹೋದಾಗಲೇ "ಮಗು ಸ್ಕೂಲಿಗೆ ಹೋಗುತ್ತೆ, ಮಧ್ಯಾಹ್ನದ ಡೋಸ್ ಇಲ್ಲದಂಗೆ ಬರ್ಕೊಡಿ" ಅಂತ ಕೇಳಿ ಅಂತ. ಎಷ್ಟೋ ಔಷಧಿಗೆ ಅದು ಆಗುತ್ತೆ, ಸ್ಕೂಲಲ್ಲಿ ಕೊಡೋ ಮಾತೇ ಕಮ್ಮಿಯಾಗುತ್ತೆ.

ಔಷಧಿ ಎಲ್ಲಾ ಎಚ್ಎಂ ರೂಮಿನ ಬೀರುಲಿ, ಬೀಗ ಹಾಕಿ. ಆದ್ರೆ ಆಸ್ತಮಾ ಇನ್‌ಹೇಲರ್‌ಗೆ ಮಾತ್ರ ಬೀಗ ಬೇಡ್ವೇ ಬೇಡ. ಉಸಿರು ಕಟ್ತಾ ಇರೋವಾಗ ಬೀರು ಕೀ ಯಾರ ಹತ್ರ ಇದೆ ಅಂತ ಹುಡುಕ್ತಾ ನಿಲ್ಲೋಕಾಗಲ್ಲ, ಅದು ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ) ಸಮೇತ ಮಗುವಿನ ಬ್ಯಾಗಲ್ಲೇ ಇರಬೇಕು, ಆಟಕ್ಕೆ ಹೋದ್ರೆ ಪಿಟಿ ಮೇಷ್ಟ್ರ ಕೈಲಿ. ಕಸ ಗುಡಿಸೋ ಕೆಲಸಕ್ಕೆ, ಕಾಂಗ್ರೆಸ್ ಗಿಡ ಕೀಳೋಕೆ ಆ ಮಕ್ಕಳನ್ನ ಕಳಿಸೋ ಹಂಗಿಲ್ಲ.

ಶುಗರ್ ಇರೋ ಹುಡುಗಿ ಒಬ್ಬಳಿದ್ದಳು, ಟೈಪ್ 1, ದಿನಾ ಇನ್ಸುಲಿನ್. ಇಲ್ಲಿ ಡಾಕ್ಟರ್ ಬರೆದುಕೊಟ್ಟಿದ್ದನ್ನ ಅಡುಗೆ ಅಕ್ಕಂದಿರಿಗೂ ಓದಿ ಹೇಳಿದ್ವಿ, ಯಾಕಂದ್ರೆ ಇನ್ಸುಲಿನ್ ಚುಚ್ಕೊಂಡು ಬಿಸಿಯೂಟ ಲೇಟಾದ್ರೆ ಶುಗರ್ ಇಳಿದುಬಿಡುತ್ತೆ. ಅವಳ ತಟ್ಟೆ ಮೊದಲು, ಊಟ ರೆಡಿ ಆಗದೆ ಇನ್ಸುಲಿನ್ ಇಲ್ಲ. ಬೆವರು, ನಡುಕ, ಇದ್ದಕ್ಕಿದ್ದಂಗೆ ಮಂಕಾದ್ಲು ಅಂದ್ರೆ ತಕ್ಷಣ ಮೂರು ಟೀ ಸ್ಪೂನ್ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡೋದು, ಪ್ರಜ್ಞೆ ಇಲ್ಲಾಂದ್ರೆ ಬಾಯಿಗೆ ಏನೂ ಹಾಕದೆ 108. ಒಬ್ಬಳನ್ನೇ ಮನೆಗೆ ಕಳಿಸೋ ಹಂಗೇ ಇಲ್ಲ. ಕ್ಲಾಸಲ್ಲಿ ತಿಂಡಿ ತಿನ್ನೋಕೆ, ಶುಗರ್ ನೋಡ್ಕೊಳ್ಳೋಕೆ ಇಂಥ ಮಕ್ಕಳಿಗೆ ಬಿಡಬೇಕು ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಬರೆದಿತ್ತು, ಅದನ್ನ ಎಲ್ಲಾ ಟೀಚರ್‌ಗೂ ಹೇಳಿದ್ವಿ.

ಫಿಟ್ಸ್ ಬಂದ್ರೆ ಕೈಗೆ ಕೀ ಕೊಡೋದು, ಈರುಳ್ಳಿ ಮೂಸಿಸೋದು ಎಲ್ಲಾ ಬಂದ್. ಒಂದು ಪಕ್ಕಕ್ಕೆ ಮಲಗಿಸಿ ಟೈಮ್ ನೋಡ್ಕೋಬೇಕು, 5 ನಿಮಿಷ ದಾಟಿದ್ರೆ 108.

ಸರ್ಕಾರದಿಂದ ಬರೋ ಮಾತ್ರೆ ಬೇರೆ ಲೆಕ್ಕ. ಐರನ್ ಮಾತ್ರೆ ವಾರಕ್ಕೊಂದು, 5ರಿಂದ 9 ವರ್ಷದವರಿಗೆ ಪಿಂಕ್, ಮೇಲಿನವರಿಗೆ ನೀಲಿ, ಊಟ ಆದಮೇಲೇನೇ. ಹಾಲಿನ ಜೊತೆ ಕೊಡಬೇಡಿ, ಮೈಗೆ ಹಿಡಿಯಲ್ಲ. ಮಲ ಕಪ್ಪಗಾಗುತ್ತೆ ಅಂತ ಮೊದಲೇ ಹೇಳದೆ ಇದ್ರೆ ಮಾರನೇ ದಿನ ಊರೆಲ್ಲಾ ಗಾಬರಿ. ಜಂತುಹುಳು ಮಾತ್ರೆ ಅಗಿದು ತಿನ್ನಿಸಬೇಕು, ಅವತ್ತು ಹುಷಾರಿಲ್ಲದ ಮಗುಗೆ ಬಲವಂತ ಬೇಡ, ಬಿಟ್ಟುಹೋದವರಿಗೆ ಅಂತಲೇ ಆಮೇಲೆ ಇನ್ನೊಂದು ದಿನ ಇರುತ್ತೆ.

ಮನೇಲಿ ಎಷ್ಟು ದಿನ ಇರಬೇಕು ಅನ್ನೋದು: ಜ್ವರ ಆದ್ರೆ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು. ಚಿಕನ್‌ಪಾಕ್ಸ್, ಅಂದ್ರೆ ಅಮ್ಮ ಬಂದಿದ್ರೆ, ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ. ಇದಕ್ಕೆ ಯಾರಿಗೂ ಹೇಳೋದೇ ಬೇಡ, ಬೇವಿನ ಸೊಪ್ಪು ಕಟ್ಟಿ ಮನೆಯವರೇ ಹೊರಗೆ ಬಿಡಲ್ಲ. ಸಾದಾ ಜ್ವರಕ್ಕೆ ಆ ಶಿಸ್ತು ಇಲ್ಲ, ಅದಕ್ಕೆ ನಮ್ಮದೂ ಪಾಲಿದೆ ಅನ್ಸುತ್ತೆ ನಂಗೆ. ವರ್ಷಪೂರ್ತಿ ಒಂದಿನಾನೂ ರಜ ಹಾಕದ ಮಗುಗೆ ಸ್ಟೇಜ್ ಮೇಲೆ ಬಹುಮಾನ ಕೊಡೋ ಪದ್ಧತಿ ಎಷ್ಟೋ ಶಾಲೇಲಿದೆ, ಅದು ನಿಲ್ಲಬೇಕು. ಜ್ವರ ಇಟ್ಕೊಂಡು ಬಂದು ಬೆಂಚಿನ ಮೇಲೆ ತಲೆ ಇಟ್ಟು ಮಲಗೋ ಮಗುಗೆ ನಾವು ಯಾವ ಪಾಠ ಹೇಳ್ಕೊಡ್ತಾ ಇದ್ದೀವಿ? ನಮ್ಮ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ ಸಭೇಲಿ ನಾನು ಇದನ್ನೇ ಕೇಳಿದ್ದು, ಬಹುಮಾನ ನಿಲ್ಲಿಸಿದ್ರು.

ಎಂಟನೇ ಕ್ಲಾಸ್ ಮುಗಿಸಿ ಮಕ್ಕಳು ಹೈಸ್ಕೂಲಿಗೆ ಹೋಗೋವಾಗ, ಕಾಯಿಲೆ ಇರೋ ಮಕ್ಕಳ ಹಾಳೆದು ಒಂದು ಜೆರಾಕ್ಸ್ ಮನೆಯವರನ್ನ ಕೇಳಿ ಟಿಸಿ ಜೊತೆ ಕವರ್‌ಗೆ ಹಾಕಿ ಕೊಡ್ತೀವಿ, ಅಲ್ಲಿನ ಕ್ಲಾಸ್ ಟೀಚರ್‌ಗೆ ಒಂದು ಫೋನ್ ಮಾಡ್ತೀನಿ.