ವಯಸ್ಸಾದ ರಾಕ್ ಬ್ಯಾಂಡಿನ ಷೋಗೆ ಅಷ್ಟು ದುಡ್ಡು ಕೊಡ್ಬೋದಾ? ನನ್ನ ಅನುಭವ

2003ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಟಿಕೆಟ್ ದುಡ್ಡು ಅಂದ್ರೆ ನನಗೆ ಹೆಚ್ಚುಕಮ್ಮಿ ಒಂದು ತಿಂಗಳ ಮೆಸ್ ಬಿಲ್ಲು. ಹಾಸ್ಟೆಲ್ಲಲ್ಲಿ ಸೀನಿಯರ್ ಒಬ್ರು "ಲೋ, ಆ ಮುದುಕ್ರನ್ನ ನೋಡೋಕೆ ಊಟದ ದುಡ್ಡು ಹಾಕ್ತೀಯೇನೋ, ಇನ್ನೆರಡು ವರ್ಷ ಷೋ ಮಾಡಿದ್ರೆ ಹೆಚ್ಚು ಅವ್ರು" ಅಂದ್ರು. ಅವರ ಗಾಯಕ ಮಿಕ್ ಜಾಗರ್‌ಗೆ ಆಗ 59. ನಮ್ಮ ಲೆಕ್ಕದಲ್ಲಿ ಅದು ರಿಟೈರ್ಮೆಂಟ್ ವಯಸ್ಸೇ ಅಲ್ವಾ. ಆದ್ರೂ ಹೋದೆ, ಮೇಖ್ರಿ ಸರ್ಕಲ್ಲಲ್ಲಿ ಬಸ್ ಇಳಿದು ಪ್ಯಾಲೇಸ್ ಗ್ರೌಂಡ್ಸ್‌ಗೆ ನಡ್ಕೊಂಡು ಹೋಗಿ, ಮಳೇಲಿ ತೊಪ್ಪೆಯಾಗಿ, ಕೆಸರಲ್ಲಿ ನಿಂತು ನೋಡಿದೆ.

ಆಮೇಲೆ ಅದೇ ಬ್ಯಾಂಡನ್ನ ಎರಡನೇ ಸಲ ನೋಡಿದ್ದು 2024ರ ಜುಲೈ 17ಕ್ಕೆ, ಇಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ, ಲೀವೈಸ್ ಸ್ಟೇಡಿಯಂನಲ್ಲಿ. ಜಾಗರ್‌ಗೆ 81 ತುಂಬೋಕೆ ಇನ್ನು ಒಂಬತ್ತೇ ದಿನ ಬಾಕಿ. ಮಧ್ಯದಲ್ಲಿ 21 ವರ್ಷ ಕಳೆದಿದೆ, 2019ರಲ್ಲಿ ಅವರಿಗೆ ಹಾರ್ಟ್ ವಾಲ್ವ್ ಆಪರೇಷನ್ ಬೇರೆ ಆಗಿದೆ, ಆಗಿ ಮೂರು ತಿಂಗಳೊಳಗೆ ವಾಪಸ್ ಸ್ಟೇಜಿಗೆ ಬಂದಿದ್ರು.

ಇಲ್ಲಿ ಕನ್ನಡ ಕೂಟದ ಪಿಕ್ನಿಕ್ಕಲ್ಲಿ ಸಿಗೋ ಸ್ನೇಹಿತರು ಇದನ್ನೇ ಕೇಳ್ತಾರೆ, ಇಷ್ಟು ವಯಸ್ಸಾದವರ ಷೋಗೆ ಅಷ್ಟು ಡಾಲರ್ ಕೊಡ್ಬೋದಾ ಅಂತ. ಇಪ್ಪತ್ತು ವರ್ಷದಲ್ಲಿ ತುಂಬಾ ಷೋ ನೋಡಿದೀನಿ, ಬೆಂಗಳೂರಲ್ಲಿ 2002ರಲ್ಲಿ ರೋಜರ್ ವಾಟರ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್, ಅದೇ ವರ್ಷ ಏರೋಸ್ಮಿತ್, ಆಮೇಲೆ ಇಲ್ಲಿಗೆ ಬಂದ್ಮೇಲೆ ಸುಮಾರು. ದುಡ್ಡು ಸಾರ್ಥಕ ಆಗಿದ್ದೂ ಇದೆ, ದಾರಿಯುದ್ದಕ್ಕೂ ಬೇಜಾರಲ್ಲಿ ಮನೆಗೆ ಬಂದಿದ್ದೂ ಇದೆ. ಈಗ ಟಿಕೆಟ್ ತಗೊಳ್ಳೋ ಮುಂಚೆ ನಾನು ಮೊದಲು ಕೇಳ್ಕೊಳ್ಳೋದು ಒಂದೇ ಪ್ರಶ್ನೆ: ಈ ಬ್ಯಾಂಡಿನ ಜೀವ ಗಂಟಲಲ್ಲಿದೆಯಾ, ಕೈಯಲ್ಲಿದೆಯಾ? ಅಂದ್ರೆ ಹಾಡೋ ದನಿ ಮುಖ್ಯಾನಾ, ವಾದ್ಯ ನುಡಿಸೋ ಕೈ ಮುಖ್ಯಾನಾ ಅಂತ.

ನಮ್ಮಪ್ಪ ಮೈಸೂರಲ್ಲಿ ಈಗ್ಲೂ ಬೆಳಗ್ಗೆ ಎದ್ದು ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡಿಂಗ್ ಹಾಕ್ತಾರೆ, ಅದ್ರಲ್ಲೂ ಎಪ್ಪತ್ತು ದಾಟಿದ ಮೇಲೆ ಹಾಡಿದ್ದೇ ಅವರಿಗೆ ಇಷ್ಟ. ವಯಸ್ಸಾಗಿದೆ, ಕೇಳೋದು ಬೇಡ ಅಂತ ನಮ್ಮ ಮನೇಲಿ ಯಾರೂ ಅಂದಿದ್ದಿಲ್ಲ. ನಾನು ಇದನ್ನ ತುಂಬಾ ಯೋಚನೆ ಮಾಡಿದೀನಿ. ಹಿಂದುಸ್ತಾನಿ ಗಾಯಕರು ತಂಬೂರಿನ ಷಡ್ಜವನ್ನ ತಮ್ಮ ಗಂಟಲಿಗೆ ತಕ್ಕಂಗೆ ಇಟ್ಕೋಬೋದು, ಇವತ್ತು ತಾರಸ್ಥಾಯಿಗೆ ಹೋಗೋದು ಕಷ್ಟ ಅನ್ಸಿದ್ರೆ ಮಂದ್ರದಲ್ಲೇ ಅರ್ಧ ಗಂಟೆ ಇರ್ಬೋದು, ಯಾರೂ ತಪ್ಪು ತಿಳ್ಕೊಳಲ್ಲ. ರಾಕ್ ಗಾಯಕರಿಗೆ ಆ ಸ್ವಾತಂತ್ರ್ಯ ಇಲ್ಲ. ಇಪ್ಪತ್ತೈದನೇ ವಯಸ್ಸಲ್ಲಿ ಸ್ಟುಡಿಯೋದಲ್ಲಿ ಒಂದು ಸಲ ಮೇಲಿನ ಸ್ವರ ಹಿಡಿದು ಕೂಗಿರ್ತಾರೆ, ಅದು ಸ್ಟೇಡಿಯಂ ತುಂಬ ಕೂತಿರೋ ಪ್ರತಿಯೊಬ್ರಿಗೂ ಬಾಯಿಪಾಠ ಆಗಿರತ್ತೆ, ಎಪ್ಪತ್ತೈದಕ್ಕೂ ಅದೇ ಸ್ವರ ಬೇಕು. ಅದಕ್ಕೇ ಎಷ್ಟೋ ಬ್ಯಾಂಡುಗಳು ಗಿಟಾರನ್ನೇ ಅರ್ಧ ಸ್ವರ, ಒಂದು ಸ್ವರ ಇಳಿಸಿ ಟ್ಯೂನ್ ಮಾಡ್ಕೋತಾವೆ. ನನಗೆ ಅದು ಪ್ರಾಮಾಣಿಕ ಅನ್ಸತ್ತೆ. ಡೀಪ್ ಪರ್ಪಲ್‌ನವರು ಇನ್ನೂ ನೇರವಾಗಿ ನಡ್ಕೊಂಡ್ರು, 1970ರಲ್ಲಿ ಇಯಾನ್ ಗಿಲನ್ ಚೀರಿ ಹಾಡಿದ್ದ ‘ಚೈಲ್ಡ್ ಇನ್ ಟೈಮ್’ ಅನ್ನ 2002ರಿಂದೀಚೆಗೆ ಸ್ಟೇಜಿಗೇ ತರಲಿಲ್ಲ. ಜನ ಎಷ್ಟು ಕೇಳಿದ್ರೂ ಇಲ್ಲ. ಆಗಲ್ಲ ಅಂದ್ರೆ ಆಗಲ್ಲ, ಅದು ಬಿಟ್ಟು ಮಿಕ್ಕಿದ್ದನ್ನ ಚೆನ್ನಾಗಿ ಮಾಡ್ತೀವಿ ಅನ್ನೋರ ಮೇಲೆ ನನಗೆ ಗೌರವ ಜಾಸ್ತಿ.

ನನಗೆ ಮೋಸ ಆಯ್ತು ಅನ್ಸಿದ್ದು ಬೇರೆ ಥರದ ಷೋಲಿ. ಹೆಸರು ಬೇಡ. ಹಳೇ ಮೆಂಬರ್ ಅಂತ ಉಳಿದಿದ್ದು ಒಬ್ರೇ, ಟಿಕೆಟ್ಟಿಗೆ 180 ಡಾಲರ್ ಕೊಟ್ಟಿದ್ದೆ, ಮುಂದಿನ ಸಾಲಿನ ಹತ್ರಾನೇ ಸೀಟು. ಮೂರನೇ ಹಾಡಲ್ಲಿ ಗಾಯಕರು ಮೈಕ್ ಕೆಳಗಿಳಿಸಿ ಜನರ ಕಡೆ ಕೈ ಮಾಡಿದ್ರು, ದನಿ ಮಾತ್ರ ಸ್ಪೀಕರಲ್ಲಿ ಹಂಗೇ ಬರ್ತಾ ಇತ್ತು, ಅಂದ್ರೆ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ದನಿ. ಹೊಟ್ಟೆಯೊಳಗೆ ಏನೋ ಕುಸಿದಂಗಾಯ್ತು. ಆವತ್ತಿಂದ ನಾನು ಟಿಕೆಟ್ ತಗೊಳ್ಳೋ ಮುಂಚೆ ಅದೇ ಟೂರಿನ ಹಿಂದಿನ ವಾರದ ಷೋ ಯಾರಾದ್ರೂ ಫೋನಲ್ಲಿ ಹಿಡಿದಿರೋ ವಿಡಿಯೋ ಹುಡುಕ್ತೀನಿ. ಬ್ಯಾಂಡಿನವರೇ ಹಾಕಿರೋ ವಿಡಿಯೋ ನಂಬಲ್ಲ, ಅದನ್ನ ಕೂತು ತಿದ್ದಿರ್ತಾರೆ. ಫೋನಿಂದು ಕರ್ಕಶವಾಗಿದ್ರೂ ನಿಜ ಹೇಳತ್ತೆ. ಎರಡು ಹಾಡಿನ ನಡುವೆ ಗಾಯಕರು ಮಾತಾಡೋದನ್ನ ಕಣ್ಣು ಮುಚ್ಕೊಂಡು ಕೇಳಿ, ಮಾತು ಒಡೆದು ಬಿರುಕು ಬಿಟ್ಟಿದೆ, ಮುಂದಿನ ಕ್ಷಣಕ್ಕೆ ಹಾಡು ಮಾತ್ರ ಗಾಜಿನ ಥರ ನುಣುಪಾಗಿದೆ ಅಂದ್ರೆ ನಾನು ಆ ಟಿಕೆಟ್ ಕೈಬಿಡ್ತೀನಿ. ಹಳಬರು ಎಷ್ಟು ಜನ ಉಳಿದಿದಾರೆ ಅನ್ನೋದೂ ನೋಡ್ತೀನಿ, ಆದ್ರೆ ಅದೊಂದನ್ನೇ ಹಿಡ್ಕೊಂಡು ಕೂರಲ್ಲ. ಜರ್ನಿ ಬ್ಯಾಂಡಿನ ನೀಲ್ ಷಾನ್ ಯೂಟ್ಯೂಬಲ್ಲಿ ಫಿಲಿಪೀನ್ಸಿನ ಆರ್ನೆಲ್ ಪಿನೆಡಾ ಹಾಡೋದು ನೋಡಿ 2007ರಲ್ಲಿ ಅವರನ್ನ ಬ್ಯಾಂಡಿಗೆ ಸೇರಿಸ್ಕೊಂಡ್ರು. ಹೊಸಬರು ಬಂದ್ರೂ ಹಾಡ್ತಿರೋದು ನಿಜವಾದ ಗಂಟಲು, ಅದು ಸಾಕು.

ಸ್ಟೋನ್ಸ್ ವಿಷಯಕ್ಕೆ ಬರ್ತೀನಿ. ಅವರ ಜೀವ ಕೈಯಲ್ಲಿದೆ ಅನ್ನೋದು ನನಗೆ 2003ರಲ್ಲೇ ಗೊತ್ತಾಗಿತ್ತು. ಆ ಮಳೇಲಿ ದೊಡ್ಡ ಸ್ಕ್ರೀನಲ್ಲಿ ಡ್ರಮ್ಮರ್ ಚಾರ್ಲಿ ವಾಟ್ಸ್ ಕೈಯನ್ನ ಹತ್ತಿರದಿಂದ ತೋರಿಸಿದ್ರು. ಸಾಮಾನ್ಯವಾಗಿ ಡ್ರಮ್ಮರ್‌ಗಳು ಬಲಗೈಯಲ್ಲಿ ಹೈ-ಹ್ಯಾಟ್ ಅನ್ನೋ ಜೋಡಿ ಲೋಹದ ತಾಳಾನ ಒಂದೇ ಸಮ ಬಾರಿಸ್ತಾ, ಎಡಗೈಯಲ್ಲಿ ಸ್ನೇರ್ ಅನ್ನೋ ಸಣ್ಣ ಡ್ರಮ್ ಹೊಡೀತಾರೆ. ವಾಟ್ಸ್ ಹಂಗಲ್ಲ, ಸ್ನೇರ್ ಪೆಟ್ಟು ಬೀಳೋ ಕ್ಷಣಕ್ಕೆ ಬಲಗೈ ಮೇಲೆತ್ತಿ ಬಿಡೋರು, ಆ ಒಂದು ಪೆಟ್ಟಿಗೆ ತಾಳದ ಸದ್ದೇ ಇಲ್ಲ. ಪೆಟ್ಟು ಒಂಟಿಯಾಗಿ ಬೀಳತ್ತೆ. ಆ ಸಣ್ಣ ಖಾಲಿ ಜಾಗದಿಂದಾನೇ ಇಡೀ ಹಾಡು ಓಲಾಡತ್ತೆ. ಕ್ಯಾಸೆಟ್ಟಲ್ಲಿ ನೂರಾರು ಸಲ ಕೇಳಿದ್ದೆ, ಅದು ಯಾಕೆ ಹಂಗಿದೆ ಅಂತ ಗೊತ್ತಾಗಿದ್ದು ಕಣ್ಣಾರೆ ನೋಡಿದಾಗ್ಲೇ.

2021ರ ಆಗಸ್ಟಲ್ಲಿ ವಾಟ್ಸ್ ತೀರ್ಕೊಂಡ್ರು, 80 ವರ್ಷ ಆಗಿತ್ತು. ಅವರಿಲ್ದೆ ಇನ್ನೇನು ನೋಡೋದು ಅಂತ ಬ್ಯಾಂಡಿನ ಆ ವರ್ಷದ ಟೂರನ್ನ ಬಿಟ್ಬಿಟ್ಟೆ. 2024ರಲ್ಲಿ ಸಾಂಟಾ ಕ್ಲಾರಾ ಅಂತ ಡೇಟ್ ಬಂದಾಗ್ಲೂ ಮನಸ್ಸು ಹೋಯ್ದಾಡ್ತು. ನನ್ನ ಹೆಂಡ್ತಿನೇ "ರೀ, ಇಪ್ಪತ್ತು ವರ್ಷದಿಂದ ಆ ಮಳೆ ಕಥೆ ಹೇಳ್ತಿದೀರ, ಮಗಳನ್ನ ಕರ್ಕೊಂಡು ಹೋಗಿ ಬನ್ನಿ, ಆಮೇಲೆ ಕೊರಗ್ಬೇಡಿ" ಅಂದ್ಲು. ಅವಳು ಹಂಗಂದಿದ್ದಕ್ಕೂ ಕಾರಣ ಇದೆ. 2017ರ ಆಗಸ್ಟಲ್ಲಿ ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿ ಇಲ್ಲೇ ಬರ್ಕ್ಲಿಗೆ ಬಂದಿದ್ರು, ಆಫೀಸಲ್ಲಿ ರಿಲೀಸ್ ಇದೆ, ಮುಂದಿನ ಸಲ ನೋಡಿದ್ರಾಯ್ತು ಅಂದ್ಕೊಂಡೆ. ಸೆಪ್ಟೆಂಬರ್ 25ಕ್ಕೆ ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲಲ್ಲಿ ಅವರ ಕೊನೇ ಷೋ, ಅಕ್ಟೋಬರ್ 2ಕ್ಕೆ ಹೋಗೇಬಿಟ್ರು. 66 ವರ್ಷ ಅಷ್ಟೇ. ಆ ಟಿಕೆಟ್ ದುಡ್ಡು ನನ್ನ ಹತ್ರಾನೇ ಉಳೀತು, ಅದ್ರಲ್ಲಿ ಏನು ತಗೊಂಡೆ ಅಂತ ನೆನಪೂ ಇಲ್ಲ.

ಟಿಕೆಟ್ ತಗೊಂಡಿದ್ದು ಹಿಂಗೆ. ಸೇಲ್ ಓಪನ್ ಆದ ದಿನ ರೇಟು ನೋಡಿ ಸುಮ್ನಾದೆ, ಜನ ಮುಗಿಬಿದ್ದಂಗೆ ರೇಟ್ ಏರಿಸೋ ಪದ್ಧತಿ ಅದು. ಇಷ್ಟು ದೊಡ್ಡ ಸ್ಟೇಡಿಯಂ ಪೂರ್ತಿ ತುಂಬ್ಬೇಕಾದ್ರೆ ಕೊನೇ ವಾರದಲ್ಲಿ ಮೇಲಿನ ಸಾಲಿನ ಸೀಟು ಇಳಿಯೋ ಚಾನ್ಸ್ ಇರತ್ತೆ, ಅಂತ ಕಾದೆ, ಐದು ದಿನ ಮುಂಚೆ ಎರಡು ಸೀಟು ಫೀಸೆಲ್ಲ ಸೇರಿ ತಲಾ 140 ಡಾಲರಿಗೆ ಸಿಕ್ತು. ಸಣ್ಣ ಥಿಯೇಟರಿನ ಷೋಗೆ ಮಾತ್ರ ಹಿಂಗೆ ಕಾಯಕ್ಕೆ ಹೋಗ್ಬೇಡಿ, ಸೀಟೇ ಇರಲ್ಲ. ಪಾರ್ಕಿಂಗಿಗೆ ದುಡ್ಡು ಸುರಿಯೋ ಬದ್ಲು ಮೌಂಟನ್ ವ್ಯೂನಿಂದ ಲೈಟ್ ರೈಲಲ್ಲಿ ಹೋದ್ವಿ. ಎದುರಿನ ಸೀಟಲ್ಲಿ ಎಪ್ಪತ್ತು ದಾಟಿದ ದಂಪತಿ, ಇಬ್ರೂ ಮಾಸಿದ ಟೂರ್ ಟಿ-ಶರ್ಟ್ ಹಾಕ್ಕೊಂಡಿದ್ರು. ಮಗಳಿಗೆ 12 ವರ್ಷ. "ಅಪ್ಪ, ಇವತ್ತು ಹಾಡೋ ಜಾಗರ್ ಅಜ್ಜಂಗಿಂತ ದೊಡ್ಡೋರಾ?" ಅಂತ ಕೇಳಿದ್ಲು. ಹೌದು ಪುಟ್ಟ, ಅಜ್ಜಂಗಿಂತ ನಾಲ್ಕು ವರ್ಷ ದೊಡ್ಡೋರು ಅಂದೆ.

ನಾನು ಬೈನಾಕ್ಯುಲರ್ ತಗೊಂಡು ಹೋಗಿದ್ದೆ, ಮೇಲಿನ ಸಾಲಲ್ಲಿ ಕೂರೋರು ಖಂಡಿತ ತಗೊಂಡು ಹೋಗಿ. ಸ್ಟೇಜಿಂದ 150 ಮೀಟರ್ ದೂರ ಕೂತ್ರೆ ಅಲ್ಲಿನ ಸದ್ದು ನಮ್ಮ ಹತ್ರ ಬರೋಕೆ ಅರ್ಧ ಸೆಕೆಂಡ್ ಹತ್ತಿರ ಬೇಕು, ಕೋಲು ಬಿದ್ದಿದ್ದು ಮೊದಲು ಕಾಣತ್ತೆ, ಸದ್ದು ಆಮೇಲೆ. ಮೊದಲ ಎರಡು ಹಾಡು ಒಂಥರಾ ಇರುಸುಮುರುಸು, ಆಮೇಲೆ ಅಭ್ಯಾಸ ಆಗ್ಬಿಡತ್ತೆ. ಜಾಗರ್ ಓಡಿದ್ರು, ಕುಣಿದ್ರು, ಎಲ್ರೂ ಅದನ್ನೇ ನೋಡ್ತಿದ್ರು. ನಾನು ನೋಡಿದ್ದು ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಕೈನ. ಅವರಿಗೂ 80, ಬೆರಳಿನ ಗಂಟುಗಳಲ್ಲಿ ಸಂಧಿವಾತ ಇದೆ ಅಂತ ಅವರೇ ಹೇಳ್ಕೊಂಡಿದಾರೆ. ಎಷ್ಟೋ ಹಾಡಿಗೆ ಅವರ ಗಿಟಾರಲ್ಲಿ ದಪ್ಪ ತಂತಿ ಬಿಚ್ಚಿ ಐದೇ ತಂತಿ ಇಟ್ಟಿರ್ತಾರೆ, ಓಪನ್ ಜಿ ಟ್ಯೂನಿಂಗ್, ಅಂದ್ರೆ ಬೆರಳು ಒತ್ತದೇ ಮೀಟಿದ್ರೂ ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಬರತ್ತೆ. ಒಂದು ಸಲ ಮೀಟೋರು, ಬಲಗೈ ಪೂರ್ತಿ ಗಾಳಿಗೆ ಎತ್ತೋರು, ಸದ್ದು ಹಂಗೇ ನಿಂತಿರೋದು, ಆ ಬಿಡುವಲ್ಲಿ ಪಕ್ಕದಿಂದ ಇನ್ನೊಬ್ಬ ಗಿಟಾರಿಸ್ಟ್ ರಾನ್ ವುಡ್ ಎರಡು ಸ್ವರ ಸೇರಿಸೋರು, ಮತ್ತೆ ಇವರ ಕೈ ಕೆಳಗೆ. ಮೊದಲಿಗಿಂತ ಕಮ್ಮಿ ಮೀಟ್ತಾರೆ, ಖಂಡಿತ. ಆದ್ರೆ ಎಲ್ಲಿ ಬಿಡ್ಬೇಕು ಅನ್ನೋದು ಆ ಕೈಗೆ ಗೊತ್ತು. ಅರವತ್ತು ವರ್ಷ ಅದನ್ನೇ ಮಾಡಿರೋ ಕೈ. ನನಗೆ ಗಂಟಲು ಕಟ್ಟಿ ಬಂತು.

ಡ್ರಮ್ಸಲ್ಲಿ ಸ್ಟೀವ್ ಜೋರ್ಡನ್ ಇದ್ರು. ತುಂಬಾ ಒಳ್ಳೇ ಡ್ರಮ್ಮರ್, 80ರ ದಶಕದಿಂದ ರಿಚರ್ಡ್ಸ್ ಜೊತೆ ನುಡಿಸಿದೋರು. ಪೆಟ್ಟು ಭಾರ, ಗಟ್ಟಿ, ಇಡೀ ಬ್ಯಾಂಡನ್ನ ಮುಂದಕ್ಕೆ ತಳ್ತಾರೆ. ಆದ್ರೆ ಆ ಓಲಾಟ ಇಲ್ಲ. ಅದು ವಾಟ್ಸ್ ಜೊತೆಗೇ ಹೋಯ್ತು, ಇನ್ನು ಯಾರು ಎಷ್ಟು ದುಡ್ಡು ಕೊಟ್ರೂ ಕಾಣಕ್ಕೆ ಸಿಗಲ್ಲ, ಅದನ್ನ ನೋಡಿರೋದು ನನ್ನ ಪುಣ್ಯ ಅಂತಾನೇ ಅಂದ್ಕೊಂಡಿದೀನಿ. ಮೆಸ್ ಬಿಲ್ ಕಟ್ದೆ ಆ ತಿಂಗಳೆಲ್ಲ ಬ್ರೆಡ್ಡು ಬಾಳೆಹಣ್ಣಲ್ಲಿ ಕಳೆದಿದ್ದು ಈಗ ದೊಡ್ಡದು ಅನ್ಸಲ್ಲ.

ಮನೇಲಿ ಈಗ ವರ್ಷಕ್ಕೆ 300 ಡಾಲರ್ ಇದಕ್ಕೆ ಅಂತಲೇ ಎತ್ತಿಡ್ತೀವಿ, ಒಂದೇ ಷೋ, ಹೆಚ್ಚಂದ್ರೆ ಎರಡು. ಏರೋಸ್ಮಿತ್‌ನ ಮಗಳಿಗೆ ತೋರಿಸ್ಬೇಕು ಅಂತಿತ್ತು, 2023ರಲ್ಲಿ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಗಿ ಟೂರ್ ನಿಂತು, ಮುಂದಿನ ವರ್ಷ ಆಗಸ್ಟಲ್ಲಿ ಇನ್ಮೇಲೆ ಟೂರೇ ಇಲ್ಲ ಅಂದ್ಬಿಟ್ರು. ಹಂಗಾಗಿ ಎಪ್ಪತ್ತೈದು ದಾಟಿದೋರು ಊರ ಹತ್ರ ಬಂದ್ರೆ, ಫೋನ್ ವಿಡಿಯೋ ನೋಡಿ ಸರಿ ಅನ್ಸಿದ್ರೆ, ನಾನು ಮೇಲಿನ ಸಾಲಲ್ಲಾದ್ರೂ ಕೂರ್ತೀನಿ.

ಹೇಳೋದು ಮರೆತಿದ್ದೆ, ಮಕ್ಕಳನ್ನ ಕರ್ಕೊಂಡು ಹೋಗೋರು ಇಯರ್‌ಪ್ಲಗ್ ತಗೊಂಡು ಹೋಗಿ, ಸ್ಪಂಜಿಂದಲ್ಲ, ಸಂಗೀತಕ್ಕೆ ಅಂತಲೇ ಮಾಡಿರೋದು ಬರತ್ತೆ, ಸದ್ದು ಕಮ್ಮಿ ಮಾಡತ್ತೆ, ಸ್ವರ ಮಂಕಾಗಲ್ಲ. ಪ್ಯಾಲೇಸ್ ಗ್ರೌಂಡ್ಸಿಂದ ಬಂದ್ಮೇಲೆ ಎರಡು ದಿನ ನನ್ನ ಕಿವಿ ಗುಂಯ್ ಅಂತಿತ್ತು. ಸಾಂಟಾ ಕ್ಲಾರಾದಿಂದ ವಾಪಸ್ ಬರುವಾಗ ರೈಲಲ್ಲಿ ಮಗಳು ಪಿಸುಗುಟ್ಟಿದ್ದೂ ಕೇಳಿಸ್ತಿತ್ತು.